ಮಳೆ ಪುಸ್ತಕ ಮುಂದಿನ ಬ್ಯಾಚಿಗೆ ದಾಟಲಿ: ಕೊಡಗಿನ ಕಾಲೇಜು ಮತ್ತು ಊರಿನ ನಂಟು

ಗಾಂಧಿ ಜಯಂತಿಯ ಬೆಳಿಗ್ಗೆ ನೂರು ವಿದ್ಯಾರ್ಥಿಗಳು ಕೈಗವಸು ಹಾಕಿಕೊಂಡು ರಸ್ತೆ ಬದಿಯ ಪ್ಲಾಸ್ಟಿಕ್ ಹೆಕ್ಕುತ್ತಾರೆ. ಹನ್ನೊಂದು ಗಂಟೆಗೆ ಬ್ಯಾನರ್ ಮುಂದೆ ಫೋಟೊ ತೆಗೆದು, ಉಪ್ಪಿಟ್ಟು ತಿಂದು ಬಸ್ಸು ಹತ್ತುತ್ತಾರೆ. ಹೆಕ್ಕಿದ ಕಸ ಮೂಟೆಗಳಲ್ಲಿ ತಿರುವಿನ ಹತ್ತಿರವೇ ಉಳಿಯುತ್ತದೆ. ಅಂದು ರಜೆ, ಕಸದ ಗಾಡಿ ಬರುತ್ತದೋ ಇಲ್ಲವೋ ಎಂದು ಯಾರೂ ಮೊದಲೇ ವಿಚಾರಿಸಿರುವುದಿಲ್ಲ. ರಾತ್ರಿ ನಾಯಿಗಳು ಮೂಟೆ ಹರಿಯುತ್ತವೆ, ಎರಡು ಮಳೆಗೆ ಎಲ್ಲವೂ ಚರಂಡಿ ಸೇರುತ್ತದೆ. ಹುಡುಗರ ಶ್ರಮ ಸುಳ್ಳಾಗಿರಲಿಲ್ಲ. ಆದರೆ ಆ ಶ್ರಮವನ್ನು ಊರಿನ ಕಡೆಯಿಂದ ಕೈಚಾಚಿ ಪಡೆಯುವವರು ಯಾರೂ ಇರಲಿಲ್ಲ. ಮರುವರ್ಷ ಹೊಸ ಬ್ಯಾಚು ಅದೇ ತಿರುವಿನಲ್ಲಿ ಮೊದಲಿನಿಂದ ಶುರು ಮಾಡುತ್ತದೆ.

ಕಾಲೇಜಿಗೂ ಊರಿಗೂ ನಂಟು ಬೆಳೆಯಬೇಕು ಎಂಬ ಮಾತು ಎಲ್ಲ ಸಮಾರಂಭಗಳಲ್ಲೂ ಕೇಳಿಬರುತ್ತದೆ. ಅದು ಎಲ್ಲಿ ಕಡಿಯುತ್ತದೆ ಎಂದು ನೋಡಿದರೆ ಕೊಡಗಿನಲ್ಲಿ ಮುಖ್ಯವಾಗಿ ಎರಡು ಜಾಗ ಕಾಣುತ್ತವೆ. ಕಾಲೇಜಿನ ಕ್ಯಾಲೆಂಡರಿಗೂ ಊರಿನ ಕ್ಯಾಲೆಂಡರಿಗೂ ತಾಳೆಯಿಲ್ಲ. ಒಂದು ಬ್ಯಾಚು ಮಾಡಿದ್ದು ಮುಂದಿನ ಬ್ಯಾಚಿಗೆ ದಾಟುವುದಿಲ್ಲ. ಈ ಎರಡನ್ನು ಸರಿಮಾಡಿಕೊಳ್ಳದೆ ಎಷ್ಟು ಶಿಬಿರ ನಡೆಸಿದರೂ ನಂಟು ಬ್ಯಾನರಿನಾಚೆ ಹೋಗದು. ದಿನದಿನದ ಮಳೆ ಬರೆದಿಡುವ ಪುಸ್ತಕ ಅದಕ್ಕೊಂದು ದಾರಿ.

ಮೊದಲಿಗೆ, ಇಲ್ಲಿ ‘ಕ್ಯಾಂಪಸ್ಸಿನ ಸುತ್ತಲಿನ ನಗರ’ ಎಂಬ ಚಿತ್ರವೇ ಹೊಂದುವುದಿಲ್ಲ. 2011ರ ಜನಗಣತಿಯಲ್ಲಿ ಮಡಿಕೇರಿಯ ಜನಸಂಖ್ಯೆ 33,381. ಆಗಿನ ಬೆಂಗಳೂರಿನ ಒಂದು ಸಾಧಾರಣ ವಾರ್ಡಿನಷ್ಟೂ ಅಲ್ಲ. ಇಡೀ ಜಿಲ್ಲೆಯದ್ದು 5,54,519. ಕಾಲೇಜುಗಳು ಬೆಟ್ಟಗುಡ್ಡಗಳ ನಡುವೆ ಚದುರಿವೆ. ಮಡಿಕೇರಿಯಲ್ಲಿ 1949ರಲ್ಲಿ, ಕೊಡಗು ಇನ್ನೂ ಪ್ರತ್ಯೇಕ ಆಡಳಿತದಲ್ಲಿದ್ದಾಗ ಶುರುವಾಗಿ, ಈಗ ಫೀಲ್ಡ್ ಮಾರ್ಷಲ್ ಕೆ.ಎಂ. ಕಾರ್ಯಪ್ಪ ಅವರ ಹೆಸರು ಹೊತ್ತಿರುವ ಕಾಲೇಜು. ಗೋಣಿಕೊಪ್ಪಲು, ವಿರಾಜಪೇಟೆಗಳ ಕಾವೇರಿ ಕಾಲೇಜುಗಳು. ಪೊನ್ನಂಪೇಟೆಯ ಅರಣ್ಯ ಮಹಾವಿದ್ಯಾಲಯ. ಕುಶಾಲನಗರದ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು. ಮಡಿಕೇರಿಯ ವೈದ್ಯಕೀಯ ವಿಜ್ಞಾನ ಸಂಸ್ಥೆ. 2023ರಲ್ಲಿ ಆರಂಭವಾದ ಕೊಡಗು ವಿಶ್ವವಿದ್ಯಾಲಯ ಇರುವುದು ಕುಶಾಲನಗರ ಸಮೀಪದ ಚಿಕ್ಕ ಅಳುವಾರದಲ್ಲಿ, ಹಿಂದೆ ಮಂಗಳೂರು ವಿಶ್ವವಿದ್ಯಾಲಯದ ಜ್ಞಾನ ಕಾವೇರಿ ಸ್ನಾತಕೋತ್ತರ ಕೇಂದ್ರವಿದ್ದ ಜಾಗದಲ್ಲಿ. ಹಾಗಾಗಿ ಇಲ್ಲಿ ‘ನಗರ’ ಎಂದರೆ ನಾಲ್ಕೈದು ಪೇಟೆಗಳು, ಅವುಗಳ ಸುತ್ತಲಿನ ಗ್ರಾಮ ಪಂಚಾಯಿತಿಗಳು, ತೋಟಗಳು, ಅಲ್ಲಿನ ಕಾರ್ಮಿಕರ ಲೈನ್‌ಮನೆಗಳು, ಆದಿವಾಸಿಗಳ ಹಾಡಿಗಳು.

2025ರ ಫೆಬ್ರುವರಿಯಲ್ಲಿ ಸಚಿವ ಸಂಪುಟ ಉಪಸಮಿತಿಯು ಒಂಬತ್ತು ವಿಶ್ವವಿದ್ಯಾಲಯಗಳನ್ನು ಮುಚ್ಚುವ ನಿಲುವಿಗೆ ಬಂದಾಗ ಕೊಡಗಿನದ್ದೂ ಆ ಪಟ್ಟಿಯಲ್ಲಿತ್ತು. ಜಿಲ್ಲೆಯ ಮಕ್ಕಳು ಮತ್ತೆ ಘಟ್ಟ ಇಳಿದು ಮಂಗಳೂರಿಗೆ ಓಡಾಡಬೇಕೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ಅದರ ಜೊತೆಗೆ ಇನ್ನೊಂದು ಪ್ರಶ್ನೆಗೆ ಉತ್ತರವೂ ಕೊಡಗಿನ ಕೈಯಲ್ಲಿರಬೇಕು: ಈ ವಿಶ್ವವಿದ್ಯಾಲಯ ಇಲ್ಲದೆ ಹೋದರೆ ಊರಿನ ಯಾವ ಕೆಲಸ ನಿಂತುಹೋಗುತ್ತದೆ? ಆ ಕೆಲಸವನ್ನು ಬೆರಳಿಟ್ಟು ತೋರಿಸುವಂತಾಗಬೇಕು.

ಎರಡು ಕ್ಯಾಲೆಂಡರ್

ಕೊಡಗಿನ ವರ್ಷವನ್ನು ಒಮ್ಮೆ ಬಿಡಿಸಿ ನೋಡೋಣ. ಜೂನ್‌ನಿಂದ ಆಗಸ್ಟ್‌ವರೆಗೆ ಮಳೆ. ಕೊಡವರ ಕಕ್ಕಡ ತಿಂಗಳಲ್ಲಿ ಗದ್ದೆ ನಾಟಿ, ಶಾಲಾ ಕಾಲೇಜಿಗೆ ಮಳೆ ರಜೆ. ಸೆಪ್ಟೆಂಬರ್ ಆರಂಭದಲ್ಲಿ ಆಯುಧ ಪೂಜೆಯ ಹಬ್ಬ ಕೈಲ್‌ಪೋದ್. ಆಮೇಲೆ ನಾಲ್ಕು ಕರಗ, ಹತ್ತು ಮಂಟಪಗಳ ಮಡಿಕೇರಿ ದಸರಾ, ಅಕ್ಟೋಬರ್ ನಡುವೆ ತುಲಾ ಸಂಕ್ರಮಣ. ನವೆಂಬರ್ ಕೊನೆ, ಡಿಸೆಂಬರಿನಲ್ಲಿ ಸುಗ್ಗಿ ಹಬ್ಬ ಪುತ್ತರಿ. ಅರೇಬಿಕಾ ಕಾಫಿಯ ಕೊಯ್ಲು ನವೆಂಬರಿಗೇ ಹಿಡಿದರೆ ರೊಬಸ್ಟಾ ಕೊಯ್ಲು ಫೆಬ್ರುವರಿ ದಾಟುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಮದುವೆ, ಕೊಡವ ಕುಟುಂಬಗಳ ಹಾಕಿ ನಮ್ಮೆ (ಹಬ್ಬ), ಅದರ ನಡುವೆ ಸೆಮಿಸ್ಟರ್ ಪರೀಕ್ಷೆ.

ಕ್ಷೇತ್ರ ಕಾರ್ಯಕ್ಕೆ ಕಾಲೇಜುಗಳು ಸಾಮಾನ್ಯವಾಗಿ ಜನವರಿ ಆರಿಸಿಕೊಳ್ಳುತ್ತವೆ, ಮಳೆಯಿಲ್ಲ ಎಂಬ ಕಾರಣಕ್ಕೆ. ಹಗಲು ಹತ್ತು ಗಂಟೆಗೆ ಮನೆ ಬಾಗಿಲು ತಟ್ಟಿದರೆ ಅಜ್ಜಿ ಒಬ್ಬರೇ ಸಿಗುತ್ತಾರೆ, ಉಳಿದವರೆಲ್ಲ ಕಣದಲ್ಲೋ ತೋಟದಲ್ಲೋ. ಲೈನ್‌ಮನೆಗೆ ಬೀಗ. ಸಿಕ್ಕವರಿಂದ ತುಂಬಿಸಿದ ನಮೂನೆಗಳಲ್ಲಿ ವಯಸ್ಸಾದವರೇ ಹೆಚ್ಚು, ದುಡಿಯುವವರೇ ಇಲ್ಲ. ವರದಿ ಅಲ್ಲೇ ವಾಲುತ್ತದೆ. ಕೊಯ್ಲಿನ ಕಾಲದಲ್ಲಿ ಜನರನ್ನು ಕಾಣಬೇಕಾದರೆ ಸಂತೆಗೆ ಹೋಗಬೇಕು: ಮಡಿಕೇರಿಗೆ ಶುಕ್ರವಾರ, ಕುಶಾಲನಗರಕ್ಕೆ ಮಂಗಳವಾರ, ಗೋಣಿಕೊಪ್ಪಲಿಗೆ ಭಾನುವಾರ. ಮನೆಮನೆ ಭೇಟಿಗೆ ಒಳ್ಳೆಯ ಸಮಯ ತುಲಾ ಸಂಕ್ರಮಣ ಮುಗಿದ ಮೇಲಿನ ನಾಲ್ಕೈದು ಶನಿವಾರಗಳು. ಅದನ್ನು ಮೊದಲೇ ವೇಳಾಪಟ್ಟಿಯಲ್ಲಿ ಕಾದಿರಿಸಬೇಕು.

ಗಂಟೆಗಳ ಲೆಕ್ಕ ಅಷ್ಟು ಕಷ್ಟದ್ದಲ್ಲ. 1969ರಲ್ಲಿ ಶುರುವಾದ ರಾಷ್ಟ್ರೀಯ ಸೇವಾ ಯೋಜನೆಯಲ್ಲಿ (ಎನ್‌ಎಸ್‌ಎಸ್) ಒಬ್ಬ ಸ್ವಯಂಸೇವಕ ವರ್ಷಕ್ಕೆ 120 ಗಂಟೆಯಂತೆ ಎರಡು ವರ್ಷ ದುಡಿಯಬೇಕು, ಒಂದು ವಾರದ ವಿಶೇಷ ಶಿಬಿರ ಬೇರೆ. ಶನಿವಾರಕ್ಕೆ ನಾಲ್ಕು ಗಂಟೆಯಂತೆ ಹಾಕಿದರೆ ಮೂವತ್ತು ಶನಿವಾರ ಬೇಕು. ಮಳೆ, ಹಬ್ಬ, ಪರೀಕ್ಷೆ ಕಳೆದರೆ ಕೊಡಗಿನಲ್ಲಿ ಅಷ್ಟು ಶನಿವಾರಗಳೇ ಉಳಿಯುವುದಿಲ್ಲ. ಆಗಲೇ ಹಾಜರಿ ಪುಸ್ತಕ ತುಂಬಿಸುವ ‘ಸ್ವಚ್ಛತಾ ದಿನ’ಗಳು ಹುಟ್ಟಿಕೊಳ್ಳುವುದು. ಬದಲಿಗೆ ಕೆಲಸವನ್ನೇ ಎರಡಾಗಿ ಒಡೆಯಬಹುದು. ಗುಂಪು ಬೇಕಾದ ಕೆಲಸಕ್ಕೆ ಆ ನಾಲ್ಕೈದು ಶನಿವಾರ. ಉಳಿದದ್ದು ವಿದ್ಯಾರ್ಥಿ ತನ್ನ ಮನೆಯ ಅಂಗಳದಲ್ಲೇ ದಿನಕ್ಕೆ ಹತ್ತು ನಿಮಿಷದಂತೆ ಮಾಡುವ ಕೆಲಸ. ದಿನಕ್ಕೆ ಹತ್ತು ನಿಮಿಷದಂತೆ 180 ದಿನ ಎಂದರೆ 30 ಗಂಟೆ. ಇದರಿಂದಲೇ 120 ತುಂಬದಿದ್ದರೂ ಅದರ ಕಾಲು ಪಾಲು ಶನಿವಾರ ಕಾಯದೆ ಮುಗಿಯುತ್ತದೆ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ಕ್ರೆಡಿಟ್ ಚೌಕಟ್ಟಿನಲ್ಲಿ ಕ್ಷೇತ್ರ ಕಾರ್ಯದ ಒಂದು ಕ್ರೆಡಿಟ್ಟಿಗೆ ಬೇಕಾದದ್ದೂ 30 ಗಂಟೆಯೇ.

ದಿನಕ್ಕೆ ಹತ್ತು ನಿಮಿಷದ ಅಂಥ ಕೆಲಸ ಯಾವುದು? ಕೊಡಗಿನಲ್ಲಿ ಅದಕ್ಕೆ ಸಿದ್ಧ ಉತ್ತರವಿದೆ.

ಇಂಚು, ಸೆಂಟ್

ಇಲ್ಲಿನ ಬೆಳೆಗಾರರ ಮನೆಗಳಲ್ಲಿ ಮಳೆ ಪುಸ್ತಕ ಇಡುವುದು ಹಳೆಯ ರೂಢಿ. ಬೆಳಿಗ್ಗೆ ಎದ್ದು ಮಾಪಕ ನೋಡಿ, ಹಿಂದಿನ ದಿನದ ಮಳೆಯನ್ನು ಇಂಚು ಮತ್ತು ಸೆಂಟ್ ಲೆಕ್ಕದಲ್ಲಿ ಬರೆದಿಡುತ್ತಾರೆ. ನೂರು ಸೆಂಟಿಗೆ ಒಂದು ಇಂಚು, ಅಂದರೆ 25.4 ಮಿಲಿಮೀಟರ್. ಫೆಬ್ರುವರಿ, ಮಾರ್ಚ್‌ನ ಹೂಮಳೆ ಒಂದು ಇಂಚು ಬಿತ್ತೋ, ಮೂವತ್ತು ಸೆಂಟಿಗೇ ನಿಂತಿತೋ ಎಂಬುದರ ಮೇಲೆ ರೊಬಸ್ಟಾ ತೋಟದ ವರ್ಷವೇ ನಿಂತಿರುತ್ತದೆ. ಅರೆಬರೆ ಮಳೆಗೆ ಮೊಗ್ಗು ಪೂರ್ತಿ ಅರಳುವುದಿಲ್ಲ, ಸ್ಪ್ರಿಂಕ್ಲರ್ ಎಳೆಯಬೇಕಾಗುತ್ತದೆ. ಆದ್ದರಿಂದ ಈ ಲೆಕ್ಕವನ್ನು ಯಾರೂ ಉದಾಸೀನದಿಂದ ಬರೆದಿಲ್ಲ. ಆದರೆ ಪುಸ್ತಕಗಳು ಬೀರುವಿನಲ್ಲಿ ಗೆದ್ದಲು, ಬೂಷ್ಟಿನ ಪಾಲಾಗುತ್ತಿವೆ. ಮಕ್ಕಳು ಬೆಂಗಳೂರಿನಲ್ಲಿದ್ದಾರೆ, ಬರೆಯುವ ಕೈಗೆ ವಯಸ್ಸಾಗಿದೆ.

ಇತಿಹಾಸ, ಭೂಗೋಳ, ಸಂಖ್ಯಾಶಾಸ್ತ್ರ, ಕಂಪ್ಯೂಟರ್, ಯಾವ ವಿಭಾಗದ ವಿದ್ಯಾರ್ಥಿಯಾದರೂ ಇಲ್ಲಿಂದ ಶುರು ಮಾಡಬಹುದು. ಪುಸ್ತಕವನ್ನು ಮನೆಯಿಂದ ಹೊರಗೆ ಒಯ್ಯಬಾರದು. ಅಂಗಳದ ಬೆಳಕಿನಲ್ಲೇ ಪುಟಪುಟವನ್ನೂ ಫೋಟೊ ತೆಗೆದು, ಮೂಲವನ್ನು ಅಲ್ಲೇ ಬಿಡಬೇಕು. ಆಮೇಲೆ ಇಬ್ಬರು ಬೇರೆಬೇರೆಯಾಗಿ ಕುಳಿತು ಎಕ್ಸೆಲ್ ಹಾಳೆಗೆ ಏರಿಸಿ, ಎರಡು ಹಾಳೆಗಳನ್ನು ತಾಳೆ ನೋಡಬೇಕು. ಪುಸ್ತಕದಲ್ಲಿದ್ದ ಅಂಕಿಗೆ ಒಂದು ಕಾಲಂ, ಮಿಲಿಮೀಟರಿಗೆ ಇನ್ನೊಂದು. ಮನಸ್ಸಿನಲ್ಲೇ ಪರಿವರ್ತಿಸಿ ಬರೆಯಕೂಡದು.

ತಪ್ಪಾಗುವುದು ಹೆಚ್ಚಾಗಿ ಮೂರು ಕಡೆ. ‘1-5’ ಎಂದು ಬರೆದಿದ್ದರೆ ಅದು ಒಂದು ಇಂಚು ಐದು ಸೆಂಟ್, ಅಂದರೆ 26.7 ಮಿ.ಮೀ. ಹೊಸಬರು ಅದನ್ನು ಒಂದೂವರೆ ಇಂಚು ಎಂದು ಓದಿ 38.1 ಮಾಡುತ್ತಾರೆ. ಎರಡನೆಯದು ತಾರೀಕು: ಬೆಳಿಗ್ಗೆ ಅಳೆದದ್ದನ್ನು ಕೆಲವರು ಅಂದಿನ ತಾರೀಕಿಗೆ, ಕೆಲವರು ನಿನ್ನೆಯ ತಾರೀಕಿಗೆ ಹಾಕುತ್ತಾರೆ. ಆ ಮನೆಯ ಪದ್ಧತಿ ಯಾವುದು ಎಂದು ಕೇಳಿ ಹಾಳೆಯ ತಲೆಯಲ್ಲೇ ಬರೆದುಕೊಳ್ಳಬೇಕು, ಇಲ್ಲದಿದ್ದರೆ ಎರಡು ತೋಟಗಳ ಲೆಕ್ಕ ಹೋಲಿಸುವಾಗ ಮಳೆ ಒಂದು ದಿನ ತಡವಾಗಿ ಬಿದ್ದಂತೆ ಕಾಣುತ್ತದೆ. ಮೂರನೆಯದು ಪುಸ್ತಕದಲ್ಲಿ ಖಾಲಿ ಬಿಟ್ಟ ಜಾಗ. ಅಂದು ಮಳೆ ಇರಲಿಲ್ಲವೋ, ಬರೆಯುವವರೇ ಊರಲ್ಲಿರಲಿಲ್ಲವೋ? ಮಳೆಯಿಲ್ಲದ್ದಕ್ಕೆ ಸೊನ್ನೆ, ಗೊತ್ತಿಲ್ಲದ್ದಕ್ಕೆ ಅಡ್ಡಗೆರೆ. ಖಾಲಿ ಕಂಡಲ್ಲೆಲ್ಲ ಸೊನ್ನೆ ತುಂಬಿಸಿದರೆ ಇಡೀ ಪುಸ್ತಕದ ಬೆಲೆ ಹೋಗುತ್ತದೆ.

ಹಳೆಯ ಲೆಕ್ಕ ಉಳಿಸುವುದರ ಜೊತೆಗೆ ಹೊಸ ಮಾಪಕಗಳೂ ಬೇಕು. ಅದಕ್ಕೆ ದುಡ್ಡು ಕಾಯುವ ಅಗತ್ಯವಿಲ್ಲ. ಬಾಯಿಯ ಒಳವ್ಯಾಸ ಸರಿಯಾಗಿ 16 ಸೆಂಟಿಮೀಟರ್ ಇರುವ ಆಲಿಕೆಯೊಂದನ್ನು ತಂದರೆ ಅದರ ಬಾಯಿಯ ವಿಸ್ತೀರ್ಣ 201 ಚದರ ಸೆಂ.ಮೀ ಆಗುತ್ತದೆ. ಅದರೊಳಗೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಕೂಡುವ ನೀರು 20 ಮಿಲಿಲೀಟರ್. ಹಳಬರ ಲೆಕ್ಕದಲ್ಲಿ ಒಂದು ಸೆಂಟಿಗೆ 5 ಮಿಲಿಲೀಟರ್. ಔಷಧಿ ಅಂಗಡಿಯ ಅಳತೆ ಕಪ್ಪು, ಪ್ರಯೋಗಾಲಯದ ಜಾರು ಎರಡರಿಂದಲೂ ಅಳೆಯಬಹುದು. ಆಲಿಕೆಯ ಅಂಚು ನೆಲದಿಂದ 30 ಸೆಂ.ಮೀ ಎತ್ತರದಲ್ಲಿ, ಸಮತಟ್ಟಾಗಿರಬೇಕು. ಮರವೋ ಮನೆಯ ಮಾಡೋ ಇದ್ದರೆ ಅದರ ಎತ್ತರದ ಎರಡು ಪಟ್ಟಾದರೂ ದೂರವಿರಬೇಕು. ಅಡಿಕೆ ಮರದ ಕೆಳಗೆ ಇಟ್ಟರೆ ಅಳೆಯುವುದು ಸೋಗೆಯಿಂದ ತೊಟ್ಟಿಕ್ಕಿದ ನೀರನ್ನು. ಎಲೆ ಬಿದ್ದು ಕಟ್ಟಿಕೊಳ್ಳದಂತೆ ಆಲಿಕೆಯ ಕೊರಳಿಗೆ ಜಾಲರಿ, ಹೊತ್ತು ಬೆಳಿಗ್ಗೆ 8.30, ಹವಾಮಾನ ಇಲಾಖೆ ಅಳೆಯುವ ಹೊತ್ತೇ.

ಕೊಡಗಿಗೆ ವಿಶೇಷವಾದ ತಪ್ಪೊಂದಿದೆ. ಆಲಿಕೆಯ ಕೆಳಗೆ ಎರಡು ಲೀಟರಿನ ಬಾಟಲಿ ಇಡುತ್ತಾರೆ. ಅದು 100 ಮಿ.ಮೀ ಮಳೆಗೇ ತುಂಬಿ ಹರಿಯುತ್ತದೆ. ಹವಾಮಾನ ಇಲಾಖೆಯ ಭಾಷೆಯಲ್ಲಿ ದಿನಕ್ಕೆ 115.6 ಮಿ.ಮೀ ದಾಟಿದರೆ ಅತಿ ಭಾರಿ ಮಳೆ, 204.4 ದಾಟಿದರೆ ಅತ್ಯಂತ ಭಾರಿ ಮಳೆ. ಅಂದರೆ ಯಾವ ದಿನದ ಲೆಕ್ಕ ಊರಿಗೆ ಅತಿ ಮುಖ್ಯವೋ ಅದೇ ದಿನ ಬಾಟಲಿ ಕೈಕೊಡುತ್ತದೆ. ಐದು ಲೀಟರಿನ ಕ್ಯಾನ್ ಇಡಬೇಕು, ಅದು 250 ಮಿ.ಮೀ ವರೆಗೆ ತಾಳುತ್ತದೆ. ಜುಲೈ, ಆಗಸ್ಟ್‌ನಲ್ಲಿ ಸಂಜೆಯೂ ಒಮ್ಮೆ ಅಳೆದು ಬೆಳಗಿನದಕ್ಕೆ ಕೂಡಿಸಬೇಕು.

ರಾಜ್ಯದ ವಿಪತ್ತು ಉಸ್ತುವಾರಿ ಕೇಂದ್ರದ ಸ್ವಯಂಚಾಲಿತ ಮಾಪಕಗಳು ಇರುವಾಗ ಇದೇಕೆ ಎಂದು ಕೇಳಬಹುದು. ಅವು ಅಧಿಕೃತ, ಮುನ್ನೆಚ್ಚರಿಕೆಗೆ ಅವನ್ನೇ ನಂಬಬೇಕು. ಆದರೆ ಇಲ್ಲಿ ಒಂದೇ ಪಂಚಾಯಿತಿಯ ಎರಡು ಮಗ್ಗುಲಲ್ಲಿ ಮಳೆ ಎರಡು ಥರ. ಬೆಟ್ಟದ ಪಡುವಣ ಮೈಗೆ ಬಿದ್ದಷ್ಟು ಮೂಡಣ ಮೈಗೆ ಬೀಳುವುದಿಲ್ಲ. ಅಂಗಳದ ಲೆಕ್ಕ ಆ ವ್ಯತ್ಯಾಸವನ್ನು ತೋರಿಸುತ್ತದೆ.

ಬರೆ

2018ರ ಆಗಸ್ಟ್ ತಿಂಗಳ ಭೂಕುಸಿತಗಳನ್ನು ಕೊಡಗು ಮರೆತಿಲ್ಲ. ಮಕ್ಕಂದೂರು, ಮುಕ್ಕೋಡ್ಲು, ಕಾಲೂರು, ಜೋಡುಪಾಲ; ಮಡಿಕೇರಿ ಪೇಟೆಯಲ್ಲೇ ಇಂದಿರಾನಗರ, ಚಾಮುಂಡೇಶ್ವರಿನಗರ. ಮರುವರ್ಷ ತೋರ, 2020ರಲ್ಲಿ ತಲಕಾವೇರಿಯ ಬೆಟ್ಟ. ಬೆಟ್ಟ ಕುಸಿಯುವುದನ್ನು ವಿದ್ಯಾರ್ಥಿಗಳು ತಡೆಯಲಾರರು. ಇಂಥ ಜಾಗ ಸುರಕ್ಷಿತ, ಇಂಥದ್ದು ಅಲ್ಲ ಎಂದು ತೀರ್ಪು ಕೊಡುವುದಂತೂ ಕೂಡದು. ಅದು ಭೂವಿಜ್ಞಾನಿಗಳ ಕೆಲಸ, ತಪ್ಪು ಭರವಸೆಯಿಂದ ಜೀವ ಹೋಗುತ್ತದೆ. ಆದರೆ ಕಣ್ಣಿಟ್ಟು ನೋಡಿ ತಾರೀಕು ಸಮೇತ ಬರೆದಿಡುವ ಕೆಲಸ ಅವರಿಗೆ ಸಾಧ್ಯ.

ಮೇ ತಿಂಗಳಲ್ಲಿ, ಮಳೆ ಹಿಡಿಯುವ ಮೊದಲು, ಮನೆ ಹಿಂದಿನ ಬರೆಗೆ (ಗುಡ್ಡ ಅಗೆದಾಗ ಉಳಿಯುವ ಕಡಿದಾದ ಮಣ್ಣಿನ ಮೈ) ಕಟ್ಟಿದ ತಡೆಗೋಡೆಗಳನ್ನು ಒಂದು ಸುತ್ತು ನೋಡಬೇಕು. ನೀರು ಹೊರಬರಲು ಬಿಟ್ಟ ತೂತುಗಳು ಮಣ್ಣು, ಬೇರು ತುಂಬಿ ಮುಚ್ಚಿಹೋಗಿವೆಯೇ? ಮುಚ್ಚಿದ್ದರೆ ಗೋಡೆಯ ಹಿಂದೆ ನೀರು ನಿಂತು ಗೋಡೆಯನ್ನೇ ತಳ್ಳುತ್ತದೆ. ಗೋಡೆಯ ಹೊಟ್ಟೆ ಉಬ್ಬಿದೆಯೇ? ಮೇಲಿನ ಚರಂಡಿಯ ನೀರು ಬರೆಯ ತಲೆಗೇ ಸುರಿಯುತ್ತಿದೆಯೇ? ಈ ಮೂರು ಪ್ರಶ್ನೆ, ಒಂದು ಫೋಟೊ, ಮನೆಯವರ ಒಪ್ಪಿಗೆ ಸಾಕು. ಮಡಿಕೇರಿ ನಗರಸಭೆಗೆ 23 ವಾರ್ಡುಗಳಿವೆ. ವಾರ್ಡಿಗೆ ನಾಲ್ವರಂತೆ 92 ವಿದ್ಯಾರ್ಥಿಗಳಾದರೆ ಒಂದು ಎನ್‌ಎಸ್‌ಎಸ್ ಘಟಕದ ನೂರು ಮಂದಿಯಲ್ಲೇ ಮುಗಿಯಿತು. ಪಟ್ಟಿ ಮೇ ಮೂರನೇ ವಾರದೊಳಗೆ ನಗರಸಭೆಯ ಎಂಜಿನಿಯರ್ ಮೇಜಿನ ಮೇಲಿರಬೇಕು. ಜೂನ್ ಹದಿನೈದಕ್ಕೆ ಕೊಟ್ಟರೆ ಅದು ಕಾಗದವಷ್ಟೇ.

ನೆಲದಲ್ಲಿ ಬಿರುಕು ಕಂಡಿದ್ದರೆ ಅದರ ಎರಡೂ ಬದಿಗೆ ಒಂದೊಂದು ಮೀಟರ್ ದೂರದಲ್ಲಿ ಗೂಟ ಹೊಡೆದು, ಗೂಟದ ತಲೆಗೆ ಮೊಳೆ ಬಡಿದು, ಮೊಳೆಯಿಂದ ಮೊಳೆಗೆ ಟೇಪು ಹಿಡಿದು ವಾರಕ್ಕೊಮ್ಮೆ ಬರೆಯಬೇಕು. ಬಿರುಕನ್ನೇ ಅಳೆದರೆ ಅಂಚು ಉದುರಿ ಲೆಕ್ಕ ತಪ್ಪುತ್ತದೆ. ಅಂತರ ಹೆಚ್ಚುತ್ತಿದ್ದರೆ, ಒರತೆ ಏಕಾಏಕಿ ಕೆಂಪಾದರೆ ಅಥವಾ ನಿಂತುಹೋದರೆ, ಮರಗಳು ಹೊಸದಾಗಿ ವಾಲಿದರೆ, ನಿನ್ನೆವರೆಗೆ ಸಲೀಸಾಗಿದ್ದ ಬಾಗಿಲು ಇಂದು ಚೌಕಟ್ಟಿಗೆ ಕಚ್ಚಿಕೊಂಡರೆ, ಅಳೆಯುತ್ತ ನಿಲ್ಲಬಾರದು. ಮನೆಯವರೊಂದಿಗೆ ಹೊರಟು ಜಿಲ್ಲಾ ವಿಪತ್ತು ಸಹಾಯವಾಣಿ 1077ಕ್ಕೆ ಕರೆ ಮಾಡಬೇಕು. ಭಾರಿ ಮಳೆಯ ದಿನ ಅಳತೆಗೆಂದು ಬರೆಯ ಹತ್ತಿರ ಹೋಗುವುದೇ ಬೇಡ. ಒಂದು ವಾರದ ಲೆಕ್ಕ ತಪ್ಪಿದರೆ ತಪ್ಪಲಿ.

ಮನೆ ಬಾಗಿಲಲ್ಲಿ

ಸರ್ವೆ ಎಂದರೆ ಬೇಸರಪಡುವ ಜನ ಜಿಲ್ಲೆಯಲ್ಲಿ ಕಡಿಮೆಯಿಲ್ಲ. ಅದರಲ್ಲೂ ಯರವ, ಜೇನುಕುರುಬ ಹಾಡಿಗಳಿಗೆ ನಮೂನೆ ಹಿಡಿದು ಹೋದವರು ಬಹಳ, ಫಲಿತಾಂಶ ಹಿಡಿದು ಮರಳಿದವರು ವಿರಳ. ಹಿಂದಿನವರು ಕೇಳಿದ್ದನ್ನೇ ಮತ್ತೆ ಕೇಳುವ ಮೊದಲು ಪಂಚಾಯಿತಿಯಲ್ಲಿ ಏನಿದೆ ಎಂದು ನೋಡುವುದು ಕನಿಷ್ಠ ಮರ್ಯಾದೆ. ಪ್ರಶ್ನೆಯೂ ಊರಿನದ್ದೇ ಆಗಿರಬೇಕು. ಗ್ರಾಮಸಭೆ ವರ್ಷಕ್ಕೆ ಎರಡು ಸಲವಾದರೂ ನಡೆಯಬೇಕೆಂಬ ಕಾನೂನಿದೆ. ಅಲ್ಲಿ ಹಿಂದಿನ ಬೆಂಚಿನಲ್ಲಿ ಕೂತು ಕೇಳಿದರೆ ಮೂರು ವರ್ಷಕ್ಕಾಗುವಷ್ಟು ಪ್ರಾಜೆಕ್ಟ್ ವಿಷಯ ಸಿಗುತ್ತದೆ: ಬೇಸಿಗೆಯಲ್ಲಿ ಬತ್ತುವ ಬಾವಿ, ರಾತ್ರಿ ಉರಿಯದ ದೀಪ, ಹೋಂಸ್ಟೇಗಳ ಕಸ.

ನಮೂನೆ ಕನ್ನಡದಲ್ಲಿರಲಿ, ಮಾತು ಮಾತ್ರ ಮನೆಯ ಭಾಷೆಯಲ್ಲಿ. ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು, ಬ್ಯಾರಿ, ಯರವ ಭಾಷೆ. ಲೈನ್‌ಮನೆಗಳಲ್ಲಿ ಈಗ ಅಸ್ಸಾಮಿ, ಹಿಂದಿಯೂ. ತರಗತಿಯಲ್ಲೇ ಈ ಭಾಷೆಗಳನ್ನು ಬಲ್ಲ ಮಕ್ಕಳಿದ್ದಾರೆ. ಇಬ್ಬರ ಜೋಡಿಯಲ್ಲಿ ಒಬ್ಬರಾದರೂ ಆ ಬೀದಿಯ ಭಾಷೆ ಬಲ್ಲವರಿರುವಂತೆ ಹಂಚಿದರೆ ಉತ್ತರದ ಗುಣವೇ ಬದಲಾಗುತ್ತದೆ. ಆಧಾರ್ ಸಂಖ್ಯೆ ಕೇಳಬಾರದು. ಫೋನ್ ನಂಬರ್ ಕೇಳುವುದಾದರೆ ಏಕೆ ಎಂದು ಹೇಳಿ ಒಪ್ಪಿಗೆ ಪಡೆಯಬೇಕು. ವೈಯಕ್ತಿಕ ದತ್ತಾಂಶ ರಕ್ಷಣೆಗೆ 2023ರಲ್ಲಿ ಕಾಯ್ದೆಯೇ ಬಂದಿದೆ. ಕೊನೆಗೆ, ಮೂವತ್ತು ದಿನದೊಳಗೆ ಒಂದೇ ಪುಟದ ಕನ್ನಡ ವರದಿ ಪಂಚಾಯಿತಿಯ ಅರಿವು ಕೇಂದ್ರದ (ಗ್ರಂಥಾಲಯದ) ಫಲಕದಲ್ಲಿ ಕಾಣಬೇಕು. ಅರವತ್ತು ಪುಟದ ಬೈಂಡಿಂಗ್ ಮಾಡಿದ ಪ್ರಬಂಧ ವಿಭಾಗದ ಕಪಾಟಿಗಾಯಿತು, ಊರಿಗಲ್ಲ.

ಓಡಾಟದ ಮಾತನ್ನು ಯಾರೂ ಯೋಜನೆಯಲ್ಲಿ ಬರೆಯುವುದಿಲ್ಲ, ಎಲ್ಲ ಯೋಜನೆಯೂ ಅಲ್ಲೇ ಮುಗ್ಗರಿಸುತ್ತದೆ. ಜಿಲ್ಲೆಯಲ್ಲಿ ರೈಲಿಲ್ಲ. ಶಕ್ತಿ ಯೋಜನೆ, ವಿದ್ಯಾರ್ಥಿ ಪಾಸು ನಡೆಯುವುದು ಸರ್ಕಾರಿ ಬಸ್ಸಿನಲ್ಲಿ. ಒಳನಾಡಿನ ಹಲವು ದಾರಿಗಳಲ್ಲಿ ಓಡುವುದು ಖಾಸಗಿ ಬಸ್ಸು. ಸಂಜೆ ಐದಕ್ಕೆ ಪೇಟೆಯಲ್ಲಿ ಸಂವಾದ ಇಟ್ಟರೆ ಭಾಗಮಂಡಲ, ನಾಪೋಕ್ಲು ಕಡೆಯ ಹುಡುಗಿಯರು ಬರಲಾರರು. ಕಾರ್ಯಕ್ರಮ ಮಧ್ಯಾಹ್ನ ಮೂರಕ್ಕೆ ಮುಗಿಯಬೇಕು, ಬಸ್ಸಿನ ದುಡ್ಡನ್ನು ಮೊದಲೇ ಕೊಡಬೇಕು. ಸಿದ್ದಾಪುರ, ಮಾಲ್ದಾರೆ, ತಿತಿಮತಿ ಕಡೆ ಆನೆಗಳು ತೋಟದಲ್ಲೇ ಬೀಡುಬಿಡುತ್ತವೆ. ಅಲ್ಲಿ ಕ್ಷೇತ್ರ ಕಾರ್ಯ ಬೆಳಿಗ್ಗೆ ಒಂಬತ್ತರಿಂದ ಸಂಜೆ ನಾಲ್ಕರೊಳಗೆ, ಅರಣ್ಯ ಸಿಬ್ಬಂದಿಗೆ ತಿಳಿಸಿಯೇ ನಡೆಯಬೇಕು.

ಊರಿನ ಕಡೆಯಿಂದಲೂ ಕೊಡಬೇಕಾದದ್ದಿದೆ. ವಾರಾಂತ್ಯದಲ್ಲಿ ಹೋಂಸ್ಟೇ, ಹೋಟೆಲುಗಳಲ್ಲಿ ದುಡಿಯುವ ವಿದ್ಯಾರ್ಥಿಗೆ ಕನಿಷ್ಠ ವೇತನ ಸಿಗಲಿ, ಪರೀಕ್ಷೆಯ ವಾರ ರಜೆ ಸಿಗಲಿ. ಪ್ರವಾಸಿಗರಿಗೆ ದಿನದ ಬಾಡಿಗೆಗೆ ಕೊಡುವ ಕೋಣೆಯ ಲಾಭದ ಮುಂದೆ ವಿದ್ಯಾರ್ಥಿಯ ತಿಂಗಳ ಬಾಡಿಗೆ ಸಣ್ಣದೆಂಬುದು ನಿಜ. ಆದರೂ ಮಳೆಗಾಲದ ಖಾಲಿ ತಿಂಗಳುಗಳೂ ಸೇರಿ ವರ್ಷಪೂರ್ತಿ ತುಂಬಿರುವ ಕೋಣೆಯ ಲೆಕ್ಕವನ್ನು ಮನೆ ಮಾಲೀಕರು ಒಮ್ಮೆ ಹಾಕಿ ನೋಡಬೇಕು. ನಗರಸಭೆ, ಪಂಚಾಯಿತಿಗಳು ವಿದ್ಯಾರ್ಥಿಗಳ ವರದಿ ತೆಗೆದುಕೊಳ್ಳಲು ಒಬ್ಬ ಸಿಬ್ಬಂದಿಯನ್ನು ಹೆಸರಿಸಬೇಕು. ಆ ಒಬ್ಬರಿಲ್ಲದ್ದರಿಂದಲೇ ಗಾಂಧಿ ಜಯಂತಿಯ ಮೂಟೆಗಳು ತಿರುವಿನಲ್ಲಿ ಉಳಿದದ್ದು.

ಕಾಲೇಜು ಮತ್ತು ಸ್ಥಳೀಯ ಸಂಸ್ಥೆಯ ನಡುವೆ ಒಂದು ಪುಟದ ಒಪ್ಪಂದ ಸಾಕು. ಯಾವ ಪ್ರಶ್ನೆಗೆ ಉತ್ತರ ಹುಡುಕುತ್ತಿದ್ದೇವೆ, ಲೆಕ್ಕದ ಪ್ರತಿ ಎಲ್ಲೆಲ್ಲಿ ಇರುತ್ತದೆ, ಬಸ್ಸಿನ ದುಡ್ಡು ಮತ್ತು ಅಪಘಾತ ವಿಮೆ ಯಾರದ್ದು, ವರದಿ ಯಾವ ತಾರೀಕಿಗೆ, ಪ್ರಾಧ್ಯಾಪಕರಿಗೆ ವರ್ಗಾವಣೆಯಾದರೆ ಮುಂದೆ ಯಾರು. ಕೊನೆಯ ಪ್ರಶ್ನೆಯನ್ನು ಬಿಟ್ಟುಬಿಡುವ ಒಪ್ಪಂದಗಳೇ ಹೆಚ್ಚು, ಕೆಲಸ ನಿಲ್ಲುವುದೂ ಅಲ್ಲಿಯೇ.

ಬ್ಯಾಚಿನಿಂದ ಬ್ಯಾಚಿಗೆ ದಾಟಿಸುವುದಕ್ಕೂ ಕ್ರಮ ಬೇಕು. ಅಂತಿಮ ವರ್ಷದವರು ಹೊರಡುವ ಮೊದಲಿನ ಒಂದು ವಾರ, ಹಳಬರು ಮತ್ತು ಹೊಸಬರು ಇಬ್ಬರೂ ಬೆಳಿಗ್ಗೆ 8.30ಕ್ಕೆ ಅದೇ ಮಾಪಕದ ಮುಂದೆ ನಿಂತು, ಒಬ್ಬರು ಬರೆದದ್ದನ್ನು ಇನ್ನೊಬ್ಬರು ನೋಡದೆ ಅಳೆಯಬೇಕು. ಏಪ್ರಿಲ್‌ನಲ್ಲಿ ಮಳೆ ಬಾರದಿದ್ದರೆ ಹಳಬರು ಜಾರಿನಲ್ಲಿ 400 ಮಿಲಿಲೀಟರ್ ನೀರು ಅಳೆದು, ಎಷ್ಟೆಂದು ಹೇಳದೆ ಆಲಿಕೆಗೆ ನಿಧಾನವಾಗಿ ಹೊಯ್ಯಲಿ. ಹೊಸಬರ ಪುಸ್ತಕದಲ್ಲಿ 20 ಮಿ.ಮೀ ಎಂದು ಬರಬೇಕು. 18 ಎಂದು ಬಂದರೆ ಕ್ಯಾನ್ ಸೋರುತ್ತಿದೆಯೋ, ಜಾರಿನ ಗೆರೆಯನ್ನು ಓರೆಯಾಗಿ ನೋಡಿದರೋ ಎಂದು ಇಬ್ಬರೂ ಸೇರಿ ಹುಡುಕಿ, ಇನ್ನೊಮ್ಮೆ ಹೊಯ್ದು, ಅಂಕಿ ಕೂಡಿದ ಮೇಲೆ ಅದೇ ಪುಟದ ಕೆಳಗೆ ಇಬ್ಬರೂ ಸಹಿ ಹಾಕಲಿ.